ಯಲ್ಲಾಪ್ರಗಡ ಸುಬ್ಬರಾವ್

ಯಲ್ಲಾಪ್ರಗಡ ಸುಬ್ಬರಾವ್ (12 ಜನವರಿ 1895 – 8 ಆಗಸ್ಟ್ 1948) ಭಾರತೀಯ ಮೂಲದ ಜೀವರಸಾಯನ ವಿಜ್ಞಾನಿ. ಕ್ಯಾನ್ಸರ್ ಜೀವಕೋಶಗಳು ತಾವಾಗಿಯೇ ಸಾಯುವಂತೆ ಮಾಡುವ ಮೊದಲ ಔಷಧಿಗಳ ಸಾಲಿಗೆ ಸೇರಿದ ಅಮೈನೊಪ್ಟೆರಿನ್ ಹಾಗೂ ಮೆಥೊಟ್ರೆಕ್ಸೇಟ್‌ಗಳು ಅವರ ನೇತೃತ್ವದ ಪ್ರಯೋಗಾಲಯದಲ್ಲಿ ಸಿದ್ಧವಾದವು. ಫೋಲಿಕ್ ಆಮ್ಲದ ಕೃತಕ ತಯಾರಿಕೆ, ಆನೆಕಾಲು ರೋಗಕ್ಕೆ ನೀಡುವ ಡೈಈಥೈಲ್‌ಕಾರ್ಬಮಝೀನ್ ಮತ್ತು ಮೊದಲ ಟೆಟ್ರಾಸೈಕ್ಲಿನ್ ಪ್ರತಿಜೀವಕವಾದ ಆರಿಯೊಮೈಸಿನ್ ಕೂಡ ಅವರು ಸಂಶೋಧನಾ ನಿರ್ದೇಶಕರಾಗಿದ್ದ ಕಾಲದ ಫಲಗಳು. ಇಷ್ಟೆಲ್ಲ ಸಾಧಿಸಿದರೂ ಅವರ ಹೆಸರು ಸ್ವದೇಶದಲ್ಲಿಯೂ ವಿದೇಶದಲ್ಲಿಯೂ ಬಹುಕಾಲ ಮರೆಯಲ್ಲಿಯೇ ಉಳಿಯಿತು.

ಜನನ ಮತ್ತು ಬಾಲ್ಯ

ಸುಬ್ಬರಾವ್ ಅವರು ಅಂದಿನ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ, ಇಂದಿನ ಆಂಧ್ರಪ್ರದೇಶದಲ್ಲಿರುವ ಭೀಮಾವರಂನಲ್ಲಿ ತೆಲುಗು ನಿಯೋಗಿ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಏಳು ಮಕ್ಕಳಲ್ಲಿ ಇವರೂ ಒಬ್ಬರು. ತಂದೆ ಕಂದಾಯ ಇಲಾಖೆಯಲ್ಲಿ ಕೆಲಸದಲ್ಲಿದ್ದರು. ಅನಾರೋಗ್ಯದ ನಿಮಿತ್ತ ಅವರು ಬೇಗನೆ ನೌಕರಿ ಬಿಡಬೇಕಾಗಿ ಬಂದುದರಿಂದ ಮನೆಯಲ್ಲಿ ಬಡತನ ನೆಲೆಸಿತು.

ಬಾಲಕ ಸುಬ್ಬರಾವ್ ಓದಿನಲ್ಲಿ ಆಸಕ್ತಿ ತೋರುತ್ತಿರಲಿಲ್ಲ. ಹದಿಮೂರರ ಹರೆಯದಲ್ಲಿ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸುವ ಆಸೆಯಿಂದ ಮನೆ ಬಿಟ್ಟು ಹೊರಟರೆಂದೂ, ತಾಯಿ ಅವರನ್ನು ಮರಳಿ ಕರೆತಂದರೆಂದೂ ಅವರ ಜೀವನಚರಿತ್ರೆಕಾರರು ಹೇಳುತ್ತಾರೆ. ತಾಯಿಯ ಒತ್ತಾಯದಿಂದ ರಾಜಮಹೇಂದ್ರಿಯಲ್ಲಿ ಶಾಲೆಗೆ ಸೇರಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣರಾಗಿ, ಮೂರನೆಯ ಪ್ರಯತ್ನದಲ್ಲಿ ಮದರಾಸಿನ ಹಿಂದೂ ಹೈಸ್ಕೂಲಿನಿಂದ ತೇರ್ಗಡೆಯಾದರು.

ವೈದ್ಯಕೀಯ ಶಿಕ್ಷಣ

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದಾಗ ಅವರು ರಾಮಕೃಷ್ಣ ಮಿಷನ್ನಿನ ಪ್ರಭಾವಕ್ಕೆ ಒಳಗಾಗಿ ಸಂನ್ಯಾಸ ಸ್ವೀಕರಿಸಲು ಬಯಸಿದ್ದರು. ವೈದ್ಯನಾಗಿ ಜನಸೇವೆ ಮಾಡುವುದು ಮೇಲೆಂಬ ಹಿರಿಯರ ಸಲಹೆಯಂತೆ ಮದರಾಸು ವೈದ್ಯಕೀಯ ಕಾಲೇಜಿಗೆ ಸೇರಿದರು. ಓದಿನ ವೆಚ್ಚವನ್ನು ಸ್ನೇಹಿತರೂ ಮುಂದೆ ಮಾವನಾದ ಕಸ್ತೂರಿ ಸೂರ್ಯನಾರಾಯಣಮೂರ್ತಿಯವರೂ ಭರಿಸಿದರು. 1919ರಲ್ಲಿ ಮೂರ್ತಿಯವರ ಮಗಳು ಶೇಷಗಿರಿಯವರೊಡನೆ ವಿವಾಹವಾಯಿತು.

ಗಾಂಧೀಜಿಯವರು ವಿದೇಶಿ ವಸ್ತುಗಳ ಬಹಿಷ್ಕಾರಕ್ಕೆ ಕರೆ ನೀಡಿದಾಗ ಸುಬ್ಬರಾವ್ ಅವರು ಖಾದಿ ಧರಿಸತೊಡಗಿದರು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ತೊಡುವ ನಿಲುವಂಗಿಯೂ ಖಾದಿಯದೇ ಆಗಿತ್ತು. ಇದು ಶಸ್ತ್ರಚಿಕಿತ್ಸಾ ವಿಭಾಗದ ಆಂಗ್ಲ ಪ್ರಾಧ್ಯಾಪಕರ ಅಸಮಾಧಾನಕ್ಕೆ ಕಾರಣವಾಯಿತು. ಲಿಖಿತ ಪರೀಕ್ಷೆಗಳಲ್ಲಿ ಉತ್ತಮ ಸಾಧನೆ ತೋರಿದ್ದರೂ ಅವರಿಗೆ ಎಂ.ಬಿ.ಬಿ.ಎಸ್. ಪದವಿ ದೊರೆಯಲಿಲ್ಲ. ಅದಕ್ಕಿಂತ ಕೆಳದರ್ಜೆಯದೆಂದು ಪರಿಗಣಿಸಲಾಗುತ್ತಿದ್ದ ಎಲ್.ಎಂ.ಎಸ್. ಪ್ರಮಾಣಪತ್ರವಷ್ಟೇ ದೊರೆಯಿತು. ಮದರಾಸು ವೈದ್ಯಕೀಯ ಸೇವೆಗೆ ಸೇರುವ ಪ್ರಯತ್ನವೂ ಕೈಗೂಡಲಿಲ್ಲ. ಬಳಿಕ ಅವರು ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಉಪನ್ಯಾಸಕರಾದರು.

ಇದೇ ಕಾಲದಲ್ಲಿ ಕುಟುಂಬಕ್ಕೆ ದೊಡ್ಡ ಆಘಾತ ಒದಗಿತು. ಅವರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕಾಯಿಲೆಯಿಂದ ತೀರಿಕೊಂಡರು. ಜನರು ಸಂಗ್ರಹಣಿ ಎಂದು ಕರೆಯುವ ರೋಗದ ಬಗೆಯದಾದ ಈ ಕಾಯಿಲೆಯಲ್ಲಿ ಕರುಳು ಆಹಾರದ ಸತ್ವವನ್ನು ಹೀರಿಕೊಳ್ಳಲಾರದೆ ಹೋಗುತ್ತದೆ. ರೋಗಿ ನಿರಂತರ ಭೇದಿಯಿಂದಲೂ ರಕ್ತಹೀನತೆಯಿಂದಲೂ ಕ್ಷೀಣಿಸುತ್ತಾನೆ. ಸುಬ್ಬರಾವ್ ಅವರೂ ಅದೇ ರೋಗಕ್ಕೆ ತುತ್ತಾದರು, ಡಾ. ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಚಿಕಿತ್ಸೆಯಿಂದ ಗುಣಮುಖರಾದರು. ಆ ರೋಗದಲ್ಲಿ ದೇಹಕ್ಕೆ ಕೊರತೆಯಾಗುವ ಮುಖ್ಯ ವಸ್ತುಗಳಲ್ಲಿ ಒಂದು ಫೋಲಿಕ್ ಆಮ್ಲ. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸುವ ಕೆಲಸ ಸುಮಾರು ಇಪ್ಪತ್ತೈದು ವರ್ಷಗಳ ನಂತರ ಇವರ ನೇತೃತ್ವದಲ್ಲಿಯೇ ನಡೆಯಿತು.

ಹಾರ್ವರ್ಡ್ ವರ್ಷಗಳು

ಕಾಕಿನಾಡದ ಮಲ್ಲಾಡಿ ಸತ್ಯಲಿಂಗಂ ನಾಯಕರ್ ಧರ್ಮಸಂಸ್ಥೆಯ ಭರವಸೆ ಮತ್ತು ಮಾವನವರ ಧನಸಹಾಯದಿಂದ ಅವರು 1920ರ ದಶಕದ ಆರಂಭದಲ್ಲಿ ಅಮೆರಿಕದ ಬಾಸ್ಟನ್ ನಗರವನ್ನು ತಲುಪಿದರು. ಕೆಲವು ವರ್ಷಗಳಲ್ಲಿ ಮರಳಿ ಬರುವ ಉದ್ದೇಶದಿಂದ ಹೊರಟವರು ಮತ್ತೆಂದೂ ಭಾರತಕ್ಕೆ ಬರಲಿಲ್ಲ. ಅವರು ಹೋದ ನಂತರ ಹುಟ್ಟಿದ ಗಂಡುಮಗು ಶೈಶವದಲ್ಲಿಯೇ ತೀರಿಕೊಂಡಿತು. ಪತ್ನಿ ಶೇಷಗಿರಿ ಭಾರತದಲ್ಲಿಯೇ ಉಳಿದರು.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಉಷ್ಣವಲಯದ ವೈದ್ಯಶಾಸ್ತ್ರದ ಡಿಪ್ಲೊಮಾ ಪಡೆಯುವಾಗ ಜೀವನೋಪಾಯಕ್ಕಾಗಿ ರಾತ್ರಿಯ ವೇಳೆ ಆಸ್ಪತ್ರೆಯಲ್ಲಿ ಪರಿಚಾರಕನ ಕೆಲಸ ಮಾಡಿದರು. ಅನಂತರ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಸೈರಸ್ ಫಿಸ್ಕೆ ಅವರೊಡನೆ ಸಂಶೋಧನೆಗೆ ತೊಡಗಿದರು. ರಕ್ತ, ಮೂತ್ರ ಮತ್ತು ಅಂಗಾಂಶಗಳಲ್ಲಿರುವ ರಂಜಕದ ಪ್ರಮಾಣವನ್ನು ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು ಇವರಿಬ್ಬರೂ 1925ರಲ್ಲಿ ಪ್ರಕಟಿಸಿದರು. ಫಿಸ್ಕೆ–ಸುಬ್ಬರಾವ್ ವಿಧಾನವೆಂದು ಹೆಸರಾದ ಇದನ್ನು ಜೀವರಸಾಯನಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ.

ಈ ವಿಧಾನವೇ ಮುಂದಿನ ಶೋಧಗಳಿಗೆ ದಾರಿಯಾಯಿತು. 1927ರಲ್ಲಿ ಸ್ನಾಯುಗಳಲ್ಲಿರುವ ಫಾಸ್ಫೊಕ್ರಿಯಾಟಿನ್ ಅನ್ನು ಅವರು ಗುರುತಿಸಿದರು. 1929ರಲ್ಲಿ ಅಡಿನೋಸಿನ್ ಟ್ರೈಫಾಸ್ಫೇಟ್, ಅಂದರೆ ಎ.ಟಿ.ಪಿ.ಯನ್ನು ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಅವರೂ ಪ್ರತ್ಯೇಕವಾಗಿ ಇದನ್ನು ಕಂಡುಹಿಡಿದಿದ್ದರು. ಎ.ಟಿ.ಪಿ. ಸಕಲ ಜೀವಕೋಶಗಳ ಶಕ್ತಿವಾಹಕ ವಸ್ತು. ಸ್ನಾಯುಗಳ ಚಲನೆಗೆ ಲ್ಯಾಕ್ಟಿಕ್ ಆಮ್ಲವೇ ಮೂಲವೆಂದು ಅಲ್ಲಿಯವರೆಗೆ ಇದ್ದ ನಂಬಿಕೆಯನ್ನು ಈ ಶೋಧಗಳು ಬದಲಿಸಿದವು.

1930ರಲ್ಲಿ ಅವರಿಗೆ ಹಾರ್ವರ್ಡ್‌ನಿಂದ ಪಿಎಚ್.ಡಿ. ಪದವಿ ದೊರೆಯಿತು. ಆದರೆ ಖಾಯಂ ಹುದ್ದೆ ದೊರೆಯಲಿಲ್ಲ. ಅದೇ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯಾಗಿದ್ದು, 1988ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಜಾರ್ಜ್ ಹಿಚಿಂಗ್ಸ್ ಅವರು, ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ನ್ಯೂಕ್ಲಿಯೊಟೈಡ್‌ಗಳ ವಿವರ ಆ ಕಾಲದಲ್ಲಿ ಬೆಳಕಿಗೆ ಬರಲಿಲ್ಲವೆಂದೂ, ಅವನ್ನು ಅನೇಕ ವರ್ಷಗಳ ಬಳಿಕ ಇತರರು ಮತ್ತೆ ಕಂಡುಹಿಡಿಯಬೇಕಾಯಿತೆಂದೂ ಮುಂದೆ ಅಭಿಪ್ರಾಯಪಟ್ಟಿದ್ದಾರೆ.

ಲೆಡರ್ಲೆ ಪ್ರಯೋಗಾಲಯ ಮತ್ತು ಫೋಲಿಕ್ ಆಮ್ಲ

1940ರಲ್ಲಿ ಸುಬ್ಬರಾವ್ ಅವರು ಹಾರ್ವರ್ಡ್ ತೊರೆದು ಅಮೆರಿಕನ್ ಸಯನಮೈಡ್ ಕಂಪನಿಗೆ ಸೇರಿದ ಲೆಡರ್ಲೆ ಪ್ರಯೋಗಾಲಯವನ್ನು ಸೇರಿದರು. ಇದು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬಲ್ಲಿತ್ತು. ಸ್ವಲ್ಪ ಕಾಲದಲ್ಲಿಯೇ ಅವರು ಅಲ್ಲಿನ ಸಂಶೋಧನಾ ನಿರ್ದೇಶಕರಾದರು.

ಗರ್ಭಿಣಿಯರ ತೀವ್ರ ರಕ್ತಹೀನತೆಯನ್ನು ಗುಣಪಡಿಸುವ ಅಜ್ಞಾತ ವಸ್ತುವೊಂದು ಆಹಾರದಲ್ಲಿದೆಯೆಂಬುದನ್ನು ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಅವರು ಮುಂಬಯಿಯ ಬಡ ಮಹಿಳೆಯರ ನಡುವೆ ಕೆಲಸ ಮಾಡುವಾಗ ಕಂಡುಕೊಂಡಿದ್ದರು. ಯೀಸ್ಟ್‌ನ ಸಾರ ನೀಡಿದಾಗ ರೋಗಿಗಳು ಚೇತರಿಸಿಕೊಳ್ಳುತ್ತಾರೆಂದು ಅವರು 1931ರಲ್ಲಿ ಪ್ರಕಟಿಸಿದರು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಅಂಥ ವಸ್ತುವನ್ನು ಬೇರ್ಪಡಿಸಿದರು. ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಆದರೆ ರಾಶಿಗಟ್ಟಲೆ ಸೊಪ್ಪಿನಿಂದ ದೊರೆಯುತ್ತಿದ್ದುದು ಅತ್ಯಲ್ಪ ಪ್ರಮಾಣ. ಸುಬ್ಬರಾವ್ ಅವರ ತಂಡವು ಅದರ ರಚನೆಯನ್ನು ಬಿಡಿಸಿ, ಕೃತಕವಾಗಿ ತಯಾರಿಸುವ ಮಾರ್ಗವನ್ನು 1945–46ರಲ್ಲಿ ಪ್ರಕಟಿಸಿತು. ಸ್ಪ್ರೂ ಹಾಗೂ ಕೆಲವು ಬಗೆಯ ರಕ್ತಹೀನತೆಗಳಿಗೆ ಇದರಿಂದ ಚಿಕಿತ್ಸೆ ಸುಲಭವಾಯಿತು.

ರಕ್ತ ಕ್ಯಾನ್ಸರ್ ವಿರುದ್ಧದ ಔಷಧಿ

ಆ ಕಾಲದಲ್ಲಿ ತೀವ್ರ ರಕ್ತ ಕ್ಯಾನ್ಸರ್ (ಲ್ಯುಕೇಮಿಯಾ) ತಗುಲಿದ ಮಕ್ಕಳು ಕೆಲವು ವಾರ ಅಥವಾ ಕೆಲವು ತಿಂಗಳು ಮಾತ್ರ ಬದುಕುತ್ತಿದ್ದರು. ಶಸ್ತ್ರಚಿಕಿತ್ಸೆಯಿಂದಾಗಲಿ ವಿಕಿರಣದಿಂದಾಗಲಿ ರಕ್ತದಲ್ಲಿ ಹರಡಿದ ರೋಗವನ್ನು ತೆಗೆಯುವುದು ಸಾಧ್ಯವಿರಲಿಲ್ಲ.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ರೋಗಶಾಸ್ತ್ರಜ್ಞ ಸಿಡ್ನಿ ಫಾರ್ಬರ್ ಅವರು ಲೆಡರ್ಲೆ ಒದಗಿಸಿದ ಫೋಲಿಕ್ ಆಮ್ಲದ ಸಂಯುಕ್ತಗಳನ್ನು ಇಂಥ ಮಕ್ಕಳಿಗೆ ನೀಡಿ ನೋಡಿದರು. ಪರಿಣಾಮ ನಿರೀಕ್ಷೆಗೆ ವಿರುದ್ಧವಾಗಿತ್ತು. ರೋಗವು ಶಮನವಾಗುವ ಬದಲು ಇನ್ನಷ್ಟು ವೇಗವಾಗಿ ಬೆಳೆದಂತೆ ಕಂಡಿತು. ಈ ವಿಫಲತೆಯಿಂದಲೇ ಹೊಸ ವಿಚಾರ ಮೂಡಿತು. ಫೋಲಿಕ್ ಆಮ್ಲವು ಕ್ಯಾನ್ಸರ್ ಕೋಶಗಳನ್ನು ಪೋಷಿಸುವುದಾದರೆ, ಅದನ್ನು ತಡೆಯುವ ವಸ್ತುವು ಆ ಕೋಶಗಳನ್ನು ಉಪವಾಸ ಕೆಡವಬೇಕು.

ಅಂಥ ಪ್ರತಿರೋಧಕಗಳು ಸುಬ್ಬರಾವ್ ಅವರ ಪ್ರಯೋಗಾಲಯದಲ್ಲಿ ತಯಾರಾಗುತ್ತಿದ್ದವು. ಅವುಗಳಲ್ಲಿ ಅಮೈನೊಪ್ಟೆರಿನ್ ಮುಖ್ಯವಾದುದು. ಫೋಲಿಕ್ ಆಮ್ಲದ ಅಣುವಿನಲ್ಲಿ ಒಂದು ಹೈಡ್ರಾಕ್ಸಿಲ್ ಗುಂಪಿನ ಸ್ಥಾನದಲ್ಲಿ ಅಮೈನೊ ಗುಂಪನ್ನು ಇರಿಸಿದರೆ ಇದು ಸಿದ್ಧವಾಗುತ್ತದೆ. ನೋಡಲು ನಿಜವಾದ ಬೀಗದ ಕೈಯಂತೆಯೇ ಇದ್ದು, ಬೀಗದೊಳಗೆ ಸೇರಿ ಅಲ್ಲಿಯೇ ಸಿಕ್ಕಿಕೊಳ್ಳುವ ಕಳ್ಳ ಕೀಲಿಯಂತೆ ಇದು ವರ್ತಿಸುತ್ತದೆ. 1947ರ ಕೊನೆಯಲ್ಲಿ ಫಾರ್ಬರ್ ಅವರು ಅಮೈನೊಪ್ಟೆರಿನ್ ಬಳಕೆಯನ್ನು ಆರಂಭಿಸಿದರು. 1948ರ ಜೂನ್ ತಿಂಗಳಲ್ಲಿ ಪ್ರಕಟವಾದ ವರದಿಯಂತೆ, ಚಿಕಿತ್ಸೆ ಪಡೆದ 16 ಮಕ್ಕಳಲ್ಲಿ 10 ಮಂದಿಯಲ್ಲಿ ಸುಧಾರಣೆ ಕಂಡುಬಂದಿತು. ಇದು ತಾತ್ಕಾಲಿಕವಾಗಿದ್ದು ರೋಗ ಮರುಕಳಿಸಿತಾದರೂ, ಔಷಧಿಯಿಂದ ಲ್ಯುಕೇಮಿಯಾವನ್ನು ಹಿಮ್ಮೆಟ್ಟಿಸಬಹುದೆಂಬುದು ಮೊದಲ ಬಾರಿಗೆ ಸ್ಪಷ್ಟವಾಯಿತು.

ಅಮೈನೊಪ್ಟೆರಿನ್‌ಗೆ ಮತ್ತೊಂದು ಮಿಥೈಲ್ ಗುಂಪು ಸೇರಿದಾಗ ದೊರೆತ ಮೆಥೊಟ್ರೆಕ್ಸೇಟ್ ಹೆಚ್ಚು ಸುರಕ್ಷಿತವೆಂದು ಕಂಡುಬಂದು ಅದರ ಸ್ಥಾನವನ್ನು ಆಕ್ರಮಿಸಿತು. 1956ರಲ್ಲಿ ಮಿನ್ ಚಿಯು ಲೀ ಮತ್ತು ರಾಯ್ ಹರ್ಟ್ಜ್ ಅವರು ಗರ್ಭಕ್ಕೆ ಸಂಬಂಧಿಸಿದ ಕೋರಿಯೊಕಾರ್ಸಿನೋಮ ಎಂಬ ಕ್ಯಾನ್ಸರನ್ನು ಮೆಥೊಟ್ರೆಕ್ಸೇಟ್‌ನಿಂದ ಹಿಮ್ಮೆಟ್ಟಿಸಿದರು. ಗೆಡ್ಡೆಯ ರೂಪದ ಕ್ಯಾನ್ಸರ್ ಔಷಧಿಯೊಂದರಿಂದಲೇ ಪೂರ್ಣ ಗುಣವಾದ ಮೊದಲ ನಿದರ್ಶನಗಳು ಇವು. ಮಕ್ಕಳ ಲ್ಯುಕೇಮಿಯಾಕ್ಕೆ ಮೆಥೊಟ್ರೆಕ್ಸೇಟ್ ಸೇರಿದಂತೆ ಹಲವು ಔಷಧಿಗಳನ್ನು ಒಟ್ಟಾಗಿ ನೀಡುವ ಪದ್ಧತಿ ಬೆಳೆದ ಬಳಿಕ, ಉತ್ತಮ ಚಿಕಿತ್ಸಾ ಸೌಲಭ್ಯವಿರುವ ದೇಶಗಳಲ್ಲಿ ಐವರಲ್ಲಿ ನಾಲ್ವರಿಗಿಂತ ಹೆಚ್ಚು ಮಕ್ಕಳು ಗುಣಮುಖರಾಗುತ್ತಿದ್ದಾರೆ.

ಔಷಧಿ ಕೆಲಸ ಮಾಡುವ ಬಗೆ

ಜೀವಕೋಶವು ಎರಡಾಗಿ ಒಡೆಯುವ ಮುನ್ನ ತನ್ನ ಡಿ.ಎನ್.ಎ.ಯ ಪ್ರತಿಯನ್ನು ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಥೈಮಿಡಿನ್ ಎಂಬ ಘಟಕದ ತಯಾರಿಗೆ ಫೋಲಿಕ್ ಆಮ್ಲದ ಸಕ್ರಿಯ ರೂಪ ಅಗತ್ಯ. ಆ ರೂಪವನ್ನು ಸಿದ್ಧಪಡಿಸುವ ಡೈಹೈಡ್ರೊಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವಕ್ಕೆ ಮೆಥೊಟ್ರೆಕ್ಸೇಟ್ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಘಟಕಗಳು ದೊರೆಯದೆ ಡಿ.ಎನ್.ಎ. ಅಲ್ಲಲ್ಲಿ ತುಂಡಾಗುತ್ತದೆ. ಸರಿಪಡಿಸಲಾಗದಷ್ಟು ಹಾನಿಯಾದಾಗ ಕೋಶವು ತನ್ನೊಳಗೇ ಇರುವ ಮರಣದ ವ್ಯವಸ್ಥೆಯನ್ನು ಚಾಲನೆಗೊಳಿಸುತ್ತದೆ. ಮೈಟೊಕಾಂಡ್ರಿಯದಿಂದ ಸೈಟೊಕ್ರೋಮ್-ಸಿ ಹೊರಬರುತ್ತದೆ, ಕ್ಯಾಸ್ಪೇಸ್ ಎಂಬ ಕಿಣ್ವಗಳು ಜಾಗೃತಗೊಂಡು ಕೋಶವನ್ನು ಒಳಗಿನಿಂದಲೇ ಕತ್ತರಿಸುತ್ತವೆ. ಉಳಿದ ಚೂರುಗಳನ್ನು ನೆರೆಯ ಕೋಶಗಳು ನುಂಗಿಬಿಡುತ್ತವೆ.

ಇದನ್ನು ಯೋಜಿತ ಕೋಶಮರಣ ಅಥವಾ ಅಪೊಪ್ಟೋಸಿಸ್ ಎನ್ನುತ್ತಾರೆ. ಮರದಿಂದ ಹಣ್ಣೆಲೆ ಉದುರುವುದನ್ನು ಸೂಚಿಸುವ ಗ್ರೀಕ್ ಪದವಿದು. ಭ್ರೂಣದ ಕೈಯಲ್ಲಿ ಬೆರಳುಗಳು ಬಿಡಿಬಿಡಿಯಾಗುವುದೂ ಬೆರಳುಗಳ ನಡುವಿನ ಕೋಶಗಳು ಹೀಗೆ ಸಾಯುವುದರಿಂದಲೇ. ಜಾನ್ ಕೆರ್, ಆಂಡ್ರ್ಯೂ ವೈಲಿ ಮತ್ತು ಅಲಸ್ಟೇರ್ ಕರಿ ಅವರು ಈ ಹೆಸರನ್ನು ಬಳಕೆಗೆ ತಂದದ್ದು 1972ರಲ್ಲಿ. ಆಗ ಸುಬ್ಬರಾವ್ ತೀರಿಕೊಂಡು 24 ವರ್ಷಗಳಾಗಿದ್ದವು. ಕೋಶಮರಣವನ್ನು ನಿಯಂತ್ರಿಸುವ ಜೀನ್‌ಗಳ ಕುರಿತ ಸಂಶೋಧನೆಗೆ 2002ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ತಮ್ಮ ಔಷಧಿ ಕೋಶವನ್ನು ಹೇಗೆ ಕೊಲ್ಲುತ್ತದೆಂಬುದರ ಪೂರ್ಣ ವಿವರವನ್ನು ತಿಳಿಯುವ ಅವಕಾಶ ಅವರಿಗೆ ದೊರೆಯಲಿಲ್ಲ.

ಈ ಚಿಕಿತ್ಸೆಗೆ ಮಿತಿಗಳೂ ಇವೆ. ವೇಗವಾಗಿ ವಿಭಜನೆಯಾಗುವ ಆರೋಗ್ಯವಂತ ಕೋಶಗಳೂ ಔಷಧಿಗೆ ಬಲಿಯಾಗುವುದರಿಂದ ಬಾಯಿಹುಣ್ಣು, ಕೂದಲು ಉದುರುವಿಕೆ, ಬಿಳಿ ರಕ್ತಕಣಗಳ ಇಳಿಕೆ ಮುಂತಾದ ತೊಂದರೆಗಳು ಉಂಟಾಗುತ್ತವೆ. ಹೆಚ್ಚಿನ ಪ್ರಮಾಣದಲ್ಲಿ ಮೆಥೊಟ್ರೆಕ್ಸೇಟ್ ನೀಡಿದಾಗ ಆರೋಗ್ಯವಂತ ಕೋಶಗಳ ರಕ್ಷಣೆಗಾಗಿ ಫೋಲಿನಿಕ್ ಆಮ್ಲವನ್ನು ಕೊಡಲಾಗುತ್ತದೆ. ಕೆಲವು ಕ್ಯಾನ್ಸರ್ ಕೋಶಗಳು ಆ ಕಿಣ್ವವನ್ನು ಹೇರಳವಾಗಿ ತಯಾರಿಸಿಕೊಂಡು ಔಷಧಿಯಿಂದ ತಪ್ಪಿಸಿಕೊಳ್ಳುತ್ತವೆ. ಆದ್ದರಿಂದಲೇ ಕೋಶಮರಣದ ವ್ಯವಸ್ಥೆಯನ್ನು ನೇರವಾಗಿ ಚಾಲನೆಗೊಳಿಸುವ ಔಷಧಿಗಳ ಹುಡುಕಾಟ ನಡೆಯಿತು. ಸಾವನ್ನು ತಡೆಹಿಡಿಯುವ ಬಿಸಿಎಲ್-2 ಪ್ರೋಟೀನನ್ನು ನಿಷ್ಕ್ರಿಯಗೊಳಿಸುವ ವೆನೆಟೊಕ್ಲಾಕ್ಸ್‌ಗೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದೇ ಪ್ರೋಟೀನನ್ನು ಗುರಿಯಾಗಿಸುವ ಡಿಸಾರಿಬ್ ಎಂಬ ಅಣುವಿನ ಕುರಿತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಧ್ಯಯನ ನಡೆಸಿದ್ದಾರೆ.

ಇತರ ಔಷಧಿಗಳು

ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ತೆರಳಿದ್ದ ಸೈನಿಕರಲ್ಲಿ ಫೈಲೇರಿಯಾ ಕಾಣಿಸಿಕೊಂಡ ಹಿನ್ನೆಲೆಯಲ್ಲಿ ಲೆಡರ್ಲೆಯಲ್ಲಿ ಅದಕ್ಕೆ ಔಷಧಿಯ ಶೋಧ ನಡೆಯಿತು. ಹೆಟ್ರಜಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಡೈಈಥೈಲ್‌ಕಾರ್ಬಮಝೀನ್ ಅದರ ಫಲ. ಇದು ಡಿ.ಇ.ಸಿ. ಮಾತ್ರೆಯೆಂದು ಪರಿಚಿತವಾಗಿದೆ.

ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್ ಅವರು ಇದೇ ಪ್ರಯೋಗಾಲಯದಲ್ಲಿ ಮಣ್ಣಿನ ಮಾದರಿಯೊಂದರಿಂದ ಆರಿಯೊಮೈಸಿನ್ ಪ್ರತಿಜೀವಕವನ್ನು ಕಂಡುಹಿಡಿದರು. ಇದನ್ನು 1948ರಲ್ಲಿ ಪ್ರಕಟಿಸಲಾಯಿತು. ಟೆಟ್ರಾಸೈಕ್ಲಿನ್ ವರ್ಗದ ಔಷಧಿಗಳಿಗೆ ಇದೇ ಮೊದಲು. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಈ ವರ್ಗದ ಔಷಧಿಗಳು ವ್ಯಾಪಕವಾಗಿ ಬಳಕೆಯಾದವು.

ನಿಧನ

ಅಮೈನೊಪ್ಟೆರಿನ್ ಕುರಿತ ವರದಿ ಪ್ರಕಟವಾದ ಎರಡು ತಿಂಗಳಲ್ಲಿ, 1948ರ ಆಗಸ್ಟ್ 8ರಂದು, ಸುಬ್ಬರಾವ್ ಅವರು ನಿದ್ರೆಯಲ್ಲಿದ್ದಾಗ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 53 ವರ್ಷ ವಯಸ್ಸು. ಅಮೆರಿಕದಲ್ಲಿ ಕಾಲು ಶತಮಾನ ಕಳೆದಿದ್ದರೂ ಅವರು ಆ ದೇಶದ ಪೌರತ್ವವನ್ನು ಪಡೆದಿರಲಿಲ್ಲ.

ಮರೆಯಲ್ಲಿ ಉಳಿದುದು ಮತ್ತು ಗೌರವಗಳು

ಸುಬ್ಬರಾವ್ ಅವರು ಪ್ರಚಾರದಿಂದ ದೂರವಿದ್ದರು. ಶೋಧಗಳ ಕೀರ್ತಿಯನ್ನು ಸಹೋದ್ಯೋಗಿಗಳಿಗೆ ಬಿಟ್ಟುಕೊಡುತ್ತಿದ್ದರೆಂದು ಅವರೊಡನೆ ಕೆಲಸ ಮಾಡಿದವರು ಸ್ಮರಿಸಿದ್ದಾರೆ. ಔಷಧ ಕಂಪನಿಯಲ್ಲಿ ನಡೆಯುವ ಕೆಲಸವು ತಂಡದ ಕೆಲಸವಾದುದರಿಂದ, ಯಾವ ಶೋಧದಲ್ಲಿ ಅವರ ಪಾಲು ಎಷ್ಟೆಂಬುದನ್ನು ಬೇರ್ಪಡಿಸಿ ಹೇಳುವುದೂ ಸುಲಭವಲ್ಲ. ಕ್ಯಾನ್ಸರ್ ಔಷಧಿಗಳ ಇತಿಹಾಸದಲ್ಲಿ ರೋಗಿಗಳಿಗೆ ಔಷಧಿ ನೀಡಿದ ಫಾರ್ಬರ್ ಅವರ ಹೆಸರು ಪ್ರಸಿದ್ಧವಾಯಿತು. ಔಷಧಿ ತಯಾರಿಸಿದ ತಂಡದ ನಾಯಕನ ಹೆಸರು ಹಿಂದೆ ಸರಿಯಿತು.

ಹೊಸದಾಗಿ ಗುರುತಿಸಲಾದ ಶಿಲೀಂಧ್ರವೊಂದಕ್ಕೆ ವಿಜ್ಞಾನಿಗಳು 1953ರಲ್ಲಿ ಸುಬ್ಬರೊಮೈಸಿಸ್ ಎಂದು ಅವರ ಹೆಸರನ್ನಿಟ್ಟರು. 1995ರಲ್ಲಿ ಜನ್ಮಶತಾಬ್ದಿಯ ಸಂದರ್ಭದಲ್ಲಿ ಭಾರತ ಸರ್ಕಾರವು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.

ಕರ್ನಾಟಕದಲ್ಲಿ ಬಳಕೆ

ಸುಬ್ಬರಾವ್ ಅವರ ಕೆಲಸದ ಫಲ ಕರ್ನಾಟಕದ ಹಳ್ಳಿಹಳ್ಳಿಗೂ ತಲುಪಿದೆ. ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ ವಿತರಿಸುವ ಕಬ್ಬಿಣಾಂಶದ ಮಾತ್ರೆಯಲ್ಲಿ ಫೋಲಿಕ್ ಆಮ್ಲವೂ ಸೇರಿರುತ್ತದೆ. ಆನೆಕಾಲು ರೋಗದ ಬಾಧೆಯಿದ್ದ ಕರಾವಳಿ ಜಿಲ್ಲೆಗಳಲ್ಲಿಯೂ ಕಲಬುರಗಿ, ಬೀದರ್ ಮುಂತಾದ ಜಿಲ್ಲೆಗಳಲ್ಲಿಯೂ ಡಿ.ಇ.ಸಿ. ಮಾತ್ರೆಗಳನ್ನು ಸಾಮೂಹಿಕವಾಗಿ ನುಂಗಿಸುವ ಕಾರ್ಯಕ್ರಮಗಳು ನಡೆದಿವೆ.

ಮೆಥೊಟ್ರೆಕ್ಸೇಟ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ರಾಜ್ಯದಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲದೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಾದ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡದ ಜನರಿಗೆ ಹತ್ತಿರದ ದೊಡ್ಡ ನಗರಗಳಲ್ಲಿ ಹುಬ್ಬಳ್ಳಿಯೂ ಒಂದು.

ಕಡಿಮೆ ಪ್ರಮಾಣದಲ್ಲಿ ಮೆಥೊಟ್ರೆಕ್ಸೇಟ್ ಅನ್ನು ಸಂಧಿವಾತ ಮತ್ತು ಸೋರಿಯಾಸಿಸ್‌ಗಳಿಗೂ ನೀಡುತ್ತಾರೆ. ಈ ರೋಗಗಳಲ್ಲಿ ಇದನ್ನು ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ತಪ್ಪು ತಿಳಿವಳಿಕೆಯಿಂದ ಪ್ರತಿದಿನ ಸೇವಿಸಿದರೆ ಪ್ರಾಣಾಪಾಯ ಸಂಭವಿಸಬಹುದು. ಅಡ್ಡಪರಿಣಾಮಗಳನ್ನು ತಗ್ಗಿಸಲು ವೈದ್ಯರು ಇದರ ಜೊತೆಗೆ ಫೋಲಿಕ್ ಆಮ್ಲದ ಮಾತ್ರೆಯನ್ನೂ ಬರೆದುಕೊಡುತ್ತಾರೆ. ಹೀಗೆ ಒಂದೇ ಚೀಟಿಯಲ್ಲಿ ಬರುವ ಈ ಎರಡು ಔಷಧಿಗಳೂ ಸುಬ್ಬರಾವ್ ಅವರ ಪ್ರಯೋಗಾಲಯದ ಕೊಡುಗೆಗಳೇ.